ಬೊಟ್ಟಿನಾಚೆ

ವಿದ್ಯುತ್ ಉಪಕೇಂದ್ರದಲ್ಲಿ ಲೋಡ್ ತೋರಿಸುವ ಮೀಟರಿನ ಮುಳ್ಳು ನಾನ್ನೂರು ಆಂಪಿಯರಿನ ಹತ್ತಿರ ಬರುತ್ತಿದ್ದಂತೆ ಅಂಬಿಕಾಳ ಕೈ ತಾನಾಗಿಯೇ ಸ್ವಿಚ್ಚಿನತ್ತ ಹೋಯಿತು. ಗಾಜಿನ ಮೇಲೆ ಆ ಅಂಕಿಯೆದುರು ಅವಳೇ ಇಟ್ಟ ಕುಂಕುಮದ ಬೊಟ್ಟಿತ್ತು. ಮುಳ್ಳು ಬೊಟ್ಟನ್ನು ಮುಟ್ಟಿದರೆ ಜೇವರ್ಗಿ ಕಾಲೋನಿಯ ಕರೆಂಟು ತೆಗೆಯಬೇಕು, ಇಲ್ಲದಿದ್ದರೆ ಅರ್ಧ ಕಲಬುರಗಿಯೇ ಕತ್ತಲು. ಆರು ಬೇಸಿಗೆ, ಸಂಜೆ ಏಳರ ಹೊತ್ತಿಗೆ ಇದೇ ಕೆಲಸ. ತೆಗೆದಾಗಲೆಲ್ಲ ಪಕ್ಕದ ಗುಡಿಯ ಮೈಕಿನಲ್ಲಿ ಮುಕ್ತಾಬಾಯಿ ಓದುತ್ತಿದ್ದ ಪುರಾಣ ಪದ್ಯದ ನಡುವೆಯೇ ನಿಂತುಬಿಡುತ್ತಿತ್ತು. ಪುರಾಣ ಮುಗಿದ ಮೇಲೆ ಹಾಡುವ ಮಂಗಳದ ಪದವನ್ನು ಅಂಬಿಕಾ ಒಮ್ಮೆಯೂ ಕೇಳಿರಲಿಲ್ಲ.

“ಕೈ ಹಿಂದ ತಗೀರಿ, ಅಕ್ಕೋರ!” ಕಮಲಾಪುರದಿಂದ ಫೋನಿನಲ್ಲಿ ದೌಲಪ್ಪ ಕೂಗಿದ. ಅಲ್ಲಿಂದ ನಗರಕ್ಕೆ, ಅಂದೇ ಚಾಲೂ ಆದ ಹೊಸ ಲೈನು ಎಳೆದ ಹಿರಿಯ ಲೈನ್‌ಮನ್ ಅವನು.

“ನಾ ಕೈ ಇಟ್ಟಿದ್ದು ನಿಮಗ ಹ್ಯಾಂಗ ಗೊತ್ತಾತ್ರೀ?”

“ಆರು ವರ್ಷದ ಚಟ ಇವತ್ತಿಗೇ ಬಿಡ್ತದೇನ್ರೀ? ಹೊಸ ಟ್ರಾನ್ಸ್‌ಫಾರ್ಮರ್ ಎಂಟುನೂರು ತಡೀತದ. ಏನಾರ ಆದರ ನಾ ಜಿಮ್ಮೇದಾರ.”

“ಕರೆಂಟ್ ಹೋದರ ಮುಕ್ತಾಬಾಯಿ ಬೈಗುಳನೂ ನಿಮಗೇ ಮತ್ತ!”

ಅಂಬಿಕಾ ಎರಡೂ ಕೈ ಕಟ್ಟಿ ನಿಂತಳು. ಮುಳ್ಳು ಬೊಟ್ಟನ್ನು ಮುಟ್ಟಿತು, ದಾಟಿತು; ನಾನ್ನೂರೈವತ್ತು, ಐನೂರು. ದೀಪ ಅಲುಗಲಿಲ್ಲ. ಹೊರಗೆ ಮಾತ್ರ ಪುರಾಣ ನಿಂತಿತು. ಅವಳು ಕಿಟಕಿಯತ್ತ ತಿರುಗಿದಳು. ಮರುಕ್ಷಣವೇ ಮೈಕಿನಲ್ಲಿ ಮುಕ್ತಾಬಾಯಿಯ ದನಿ: “ಯಾಕ್ರೀ, ಏಳು ಹೊಡೀತು, ಇನ್ನಾ ಕರೆಂಟ್ ಹೋಗಲಿಲ್ಲಲ್ಲಾ?”

ಗುಡಿಯೆಲ್ಲ ನಕ್ಕಿತು. ಆಮೇಲೆ ಪದ್ಯ ತನ್ನ ಕೊನೆಯ ಸಾಲು ತಲುಪಿತು, ಗಂಟೆ ಮೊಳಗಿತು, ಮಂಗಳದ ಪದ ಏರುದನಿಯಲ್ಲಿ ಶುರುವಾಯಿತು. ಅಂಬಿಕಾ ಗಾಜಿನ ಮೇಲಿನ ಬೊಟ್ಟನ್ನು ಬೆರಳಿನಿಂದ ಒರೆಸಿ ತನ್ನ ಹಣೆಗೆ ಹಚ್ಚಿಕೊಂಡಳು.