ಮೂರನೆಯ ರಸ

ಚಿನ್ ಅಜ್ಜಿ ಎರಡು ಬಟ್ಟಲುಗಳನ್ನೂ ನೋಡಿ ಮೂಗು ಮುರಿದು, ಮಗಳ ಕಡೆಗೆ ತಳ್ಳಿದಳು. ಎರಡರಲ್ಲೂ ಇದ್ದದ್ದು ಮೀನನ್ನು ಉಪ್ಪಿನಲ್ಲಿ ಹುದುಗಿಸಿ ಇಳಿಸಿದ, ಅವರದೇ ಕಾರ್ಖಾನೆಯ ಮೀನುರಸ; ಎಲ್ಲಕ್ಕಿಂತ ಅಗ್ಗದ್ದು, ಬೆಟ್ಟದ ಊರುಗಳಿಗೆ ಹೋಗುವಂಥದ್ದು. ಒಂದರಲ್ಲಿ ಮಾತ್ರ ಮಗಳು ತ್ರಾಮ್ ಕಬ್ಬಿಣಾಂಶದ ಪುಡಿ ಕರಗಿಸಿದ್ದಳು. ಯಾವುದರಲ್ಲಿ ಎಂದು ಅಮ್ಮ ಪತ್ತೆ ಹಚ್ಚಿದರೆ ಮಗಳು ಕಬ್ಬಿಣದ ಮಾತನ್ನು ಇನ್ನೆಂದೂ ಎತ್ತಬಾರದು. ಹಚ್ಚಲಾರದೆ ಹೋದರೆ ನಾಳೆಯಿಂದಲೇ ಪೀಪಾಯಿಗೆ ಕಬ್ಬಿಣ. ಪಂದ್ಯ ಕಟ್ಟಿದವಳು ಅಮ್ಮನೇ.

"ಇದೇನು ಚಹಾನಾ, ಬಟ್ಟಲೆತ್ತಿ ಕುಡಿಯೋಕೆ? ಅನ್ನ ತಗೊಂಡು ಬಾ. ತಿನ್ನೋರು ಹೆಂಗೆ ತಿಂತಾರೋ ಹಂಗೇ ತಿಂದು ಹೇಳ್ತೀನಿ."

"ಜೊತೆಗೆ ಹುರಿದ ಮೀನು ತರ್ಲಾ ಅಮ್ಮಾ?"

"ಬೆಟ್ಟದ ಮೇಲಿನೋರಿಗೆ ಹುರಿದ ಮೀನು ಎಲ್ಲಿಂದ ಬರ್ಬೇಕು ಮಗಳೇ?" ಎಂದು ಮೇಸ್ತ್ರಿ ಲೋಕ್ ನಡುವೆ ಬಾಯಿ ಹಾಕಿದ. ಅವನ ತಂಗಿಯನ್ನು ಕೊಟ್ಟದ್ದು ಅಲ್ಲಿಗೇ. "ಅನ್ನ, ಅದರ ಮೇಲೆ ಇದು. ಅಷ್ಟೇ ಊಟ."

"ಹಂಗಾದ್ರೆ ಅಷ್ಟೇ ತಾ," ಎಂದಳು ಅಜ್ಜಿ.

ತ್ರಾಮ್ ಅನ್ನ ತಂದು ಬಡಿಸಿದಳು. ಸೈಗಾನಿನಲ್ಲಿ ವ್ಯಾಪಾರ ಓದಿ ಬಂದು, ಅಜ್ಜನ ಕಾಲದ ಮೀನುರಸವನ್ನು ಪ್ಯಾರಿಸ್ಸಿನ ಅಂಗಡಿಗಳವರೆಗೆ ಮುಟ್ಟಿಸಿದವಳು ಅವಳು. ಊರೆಲ್ಲ ಹೊಗಳಿದರೂ ಹೋದ ವರ್ಷ ಅವಳಿಗೇ ಸಾಕು ಸಾಕಾಗಿ ಹೋಗಿತ್ತು. ಉಳ್ಳವರ ಸೊಪ್ಪಿನ ತಟ್ಟೆಗೆ ಚಿಮುಕಿಸುವ ಸರಕು ಮಾರುತ್ತಲೇ ಆಯುಸ್ಸು ಮುಗಿಸಬೇಕೇ ಎಂದು, ಬೆಟ್ಟದ ಆಸ್ಪತ್ರೆಗೆ ಹೋಗಿ ಕೆಲಸ ಕೇಳಿದಳು. ಮೈಯಲ್ಲಿ ರಕ್ತವಿಲ್ಲದ ಬಸುರಿಯರು ನಾಲ್ಕು ಹೆಜ್ಜೆಗೆ ಏದುಸಿರು ಬಿಡುತ್ತಾ ಬರುವ ಆಸ್ಪತ್ರೆ ಅದು. ಅಲ್ಲಿನ ಡಾಕ್ಟರಮ್ಮ ಅವಳನ್ನು ಬೈದೇ ಕಳಿಸಿದ್ದರು. "ಅಲ್ರೀ, ಮಾತ್ರೆ ಹಂಚೋಕೆ ನನಗೆ ಜನ ಸಿಗ್ತಾರೆ. ಇವರು ಮಾತ್ರೆ ಮರೀತಾರೆ, ನಿಮ್ಮ ಮೀನುರಸ ಒಂದು ಹೊತ್ತೂ ಮರೆಯಲ್ಲ. ಕಬ್ಬಿಣ ಅದರಲ್ಲೇ ಹಾಕಿ! ಗಡಿ ದಾಟಿ ಲಾವೋಸಿಗೂ ಹೋಗುತ್ತಲ್ಲ ನಿಮ್ಮ ಲಾರಿ. ಅಷ್ಟು ದೂರ ನನ್ನ ಕೈ ಚಾಚುತ್ತಾ?"

ಅಂದಿನಿಂದ ತ್ರಾಮ್ ಅಮ್ಮನ ಬೆನ್ನು ಬಿದ್ದಳು. ಅಮ್ಮನದು ಒಂದೇ ಮಾತು: "ದಾನ ಮಾಡ್ತೀಯಾ, ಮಾಡು. ಪಗೋಡಾ ಕಟ್ಟಿಸು. ನಮ್ಮಪ್ಪನ ಪೀಪಾಯಿಗೆ ಮೀನು, ಉಪ್ಪು ಬಿಟ್ಟು ಇನ್ನೊಂದು ಬೀಳಕೂಡದು." ಆ ಕರಾವಳಿಯಲ್ಲೇ ಅಮ್ಮನ ನಾಲಿಗೆಯಂಥದ್ದು ಇನ್ನೊಂದಿರಲಿಲ್ಲ. ಒಂದು ಹನಿ ಮುಟ್ಟಿಸಿದರೆ ಸಾಕು, ಯಾವ ಪೀಪಾಯಿ, ಯಾವ ತಿಂಗಳ ಮೀನು ಎಂದು ಹೇಳಿಬಿಡುತ್ತಿತ್ತು. ಆದರೆ ಅದು ಬಲ್ಲದ್ದು ಮೊದಲ ರಸವನ್ನಷ್ಟೇ. ಆ ಮೊದಲ ರಸ ಇಳಿದ ಮೇಲೆ ಅದೇ ಮೀನಿಗೆ ಉಪ್ಪುನೀರು ಸುರಿದರೆ ಎರಡನೆಯ ರಸ, ಮತ್ತೆ ಸುರಿದರೆ ಮೂರನೆಯದು. ಈ ಮೂರನೆಯದನ್ನು ಡಬ್ಬಕ್ಕೆ ತುಂಬಿ ಬೆಟ್ಟದ ಲಾರಿಗೆ ಹೇರುತ್ತಿದ್ದರೇ ಹೊರತು ಯಜಮಾನಿಯ ಬಾಯಿಗೆ ಯಾರೂ ತಂದವರಲ್ಲ. ತ್ರಾಮ್ ಕೂಡ ಪುಡಿ ಬೆರೆಸುವಾಗ ಎರಡಕ್ಕೂ ವ್ಯತ್ಯಾಸ ಇದೆಯೇ ಎಂದು ನಾಲಿಗೆಯ ತುದಿಗೆ ಮುಟ್ಟಿಸಿಕೊಂಡಿದ್ದಳು, ಅಷ್ಟೇ.

ಅಜ್ಜಿ ಮೊದಲ ಬಟ್ಟಲಿನದನ್ನು ಅನ್ನಕ್ಕೆ ಸುರಿದು ಒಂದು ತುತ್ತು ತಿಂದಳು. ಹುಬ್ಬು ಗಂಟಿಕ್ಕಿತು. ಎರಡನೆಯದನ್ನು ತಿಂದಳು. ಈಗ ಮುಖವೇ ಗಂಟಿಕ್ಕಿತು. ಗೊತ್ತಾಗಿಹೋಯಿತು ಎಂದುಕೊಂಡಳು ತ್ರಾಮ್. ಒಂದು ವರ್ಷದ ಓಡಾಟವೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಯಿತಲ್ಲ!

"ಲೋ ಲೋಕ್," ಎಂದಳು ಅಜ್ಜಿ ಮೆಲ್ಲಗೆ. "ನಿನ್ನ ತಂಗಿ ದಿನಾ ಇದನ್ನೇ ತಿನ್ನೋದಾ?"

"ದಿನಾ ಅಕ್ಕಾ. ಮೂರು ಹೊತ್ತೂ."

"ನಮ್ಮಪ್ಪನ ಮುಖ ಅಂಟಿಸಿದ ಡಬ್ಬದಿಂದ?"

ಅಜ್ಜಿ ಉತ್ತರಕ್ಕೆ ಕಾಯಲಿಲ್ಲ. ಚಪ್ಪಲಿಗೂ ಕಾಯದೆ ದಡದಡನೆ ಪೀಪಾಯಿಗಳ ಕೊಟ್ಟಿಗೆಗೆ ನಡೆದಳು. ಮೊದಲ ರಸದ ನಲ್ಲಿಗೆ ತಾನೇ ರಬ್ಬರು ಕೊಳವೆ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಮೂರನೆಯ ರಸದ ತೊಟ್ಟಿಯೊಳಗೆ ಎಸೆದಳು.

"ಅಮ್ಮಾ, ಅದು ಪ್ಯಾರಿಸ್ಸಿಗೆ ಹೋಗೋ ಸರಕು!"

"ಅವರಿಗೆ ಬೆಲೆ ಏರಿಸು."

"ಸುಮ್ನೆ ಏರಿಸಿದ್ರೆ ಕೊಳ್ತಾರಾ?"

"ಕೊಳ್ಳೋ ಹಂಗೆ ಮಾಡೋಕೆ ತಾನೇ ನಿನ್ನ ಸೈಗಾನಿಗೆ ಕಳ್ಸಿದ್ದು? ಓದಿದ್ದೆಲ್ಲ ಏನು, ಗೋಡೆಗೆ ತೂಗುಹಾಕೋಕಾ? ತಿರುಗಿಸೋ ಲೋಕ್!"

ಲೋಕ್ ಹಲ್ಲು ಕಿರಿಯುತ್ತಾ ನಲ್ಲಿ ತಿರುಗಿಸಿದ. ಕೆಂಜೇನಿನ ಬಣ್ಣದ ರಸ ಗುಳುಗುಳು ಎಂದು ಇಳಿಯತೊಡಗಿತು, ಕೊಟ್ಟಿಗೆಯೆಲ್ಲ ಘಮ್ಮೆಂದಿತು. ತ್ರಾಮ್ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಪ್ಯಾರಿಸ್ಸಿನವರ ಸೀಸೆಗೆ ಚೂರೇ ಚೂರು ಏರಿಸಿದರೆ ಸಾಕು, ಬೆಟ್ಟದವರಿಗೆ ಒಂದು ಡಾಂಗ್ ಕಾಸು ಕೂಡ ಏರಿಸಬೇಕಿಲ್ಲ. ಇಷ್ಟು ವರ್ಷ ತನಗೆ ಇದು ಹೊಳೆಯಲೇ ಇಲ್ಲವಲ್ಲ ಎಂದು ನಾಚಿಕೆಯಾಯಿತು, ಹಿಂದೆಯೇ ತಡೆಯಲಾರದ ನಗು ಬಂತು. ಬರಿಗಾಲಿನಲ್ಲಿ ನಿಂತು ಕೊಳವೆ ಹಿಡಿದಿದ್ದ ಅಮ್ಮನನ್ನು ಹಿಂದಿನಿಂದ ತಬ್ಬಿಕೊಂಡಳು.

"ಬಿಡೇ, ಚೆಲ್ಲುತ್ತೆ!"

"ಕಬ್ಬಿಣ ಯಾವ ಬಟ್ಟಲಲ್ಲಿತ್ತು ಅಂತ ನೀನು ಹೇಳಲೇ ಇಲ್ವಲ್ಲಮ್ಮ?"

ಅಜ್ಜಿ ತಿರುಗಿ ಕೂಡ ನೋಡಲಿಲ್ಲ.

"ಯಾವುದರಲ್ಲಿತ್ತೋ ಯಾರಿಗೆ ಗೊತ್ತು! ಪಂದ್ಯ ನಿಂದೇ, ಹಾಕ್ಕೋ ನಿನ್ನ ಕಬ್ಬಿಣ. ಮೀನಂತೂ ಎರಡರಲ್ಲೂ ಇರಲಿಲ್ಲ."