ರೆಪ್ಪೆಯ ನೇರಳೆ

"ಬಣ್ಣ ಬಳಕೊಂಡಾಳ್ರಿ ಡಾಕ್ಟರಮ್ಮ, ಒರೆಸಿ ನೋಡ್ರಿ," ಎಂದು ಉರುಕುಂದಮ್ಮ ಸೆರಗನ್ನು ಕಣ್ಣಿನವರೆಗೆ ಎಳೆದುಕೊಂಡು ಮುಂದೆ ಬಾಗಿದಳು. ಆದವಾನಿಯ ದವಾಖಾನೆಯಲ್ಲಿ ಡಾಕ್ಟರಮ್ಮ ಒದ್ದೆ ಹತ್ತಿಯಿಂದ ಅವಳ ವಾರಗಿತ್ತಿ ಜಂಬಮ್ಮನ ನೇರಳೆಗಟ್ಟಿದ ರೆಪ್ಪೆ ಒರೆಸುತ್ತಿದ್ದರು. ಈ ವೈಯಾರಿ ಕೈ ಮೇಲೆತ್ತಲು ಬರುವುದಿಲ್ಲವೆಂದು ಕೂತರೆ, ಮೈದುನ ಭೀಮಲಿಂಗಪ್ಪ ಓಣಿಯೆಲ್ಲ ನೋಡುವಂತೆ ಹೆಂಡತಿಯ ಜಡೆ ಹೆಣೆಯುತ್ತಿದ್ದ. ಉರುಕುಂದಮ್ಮನ ಗಂಡನೋ, ತುಂಬಿದ ಕೊಡಕ್ಕೂ ಒಂದು ದಿನ ಕೈ ಕೊಟ್ಟವನಲ್ಲ. ಹೊಟ್ಟೆಯುರಿ ತಾಳದೆ ಆ ಬೆಳಗ್ಗೆ ಅವಳೂ ನೇರಳೆ ಹಣ್ಣು ಹಿಚುಕಿ ರೆಪ್ಪೆಗೆ ಸವರಿಕೊಂಡಿದ್ದಳು. ಗಂಡ ತಲೆಯೆತ್ತಿ ನೋಡಿರಲಿಲ್ಲ.

ಹತ್ತಿ ಬೆಳ್ಳಗೇ ಉಳಿಯಿತು. ಡಾಕ್ಟರಮ್ಮ ಜಂಬಮ್ಮನನ್ನು ಮಲಗಿಸಿ ಕಿಬ್ಬೊಟ್ಟೆ ಒತ್ತಿದರು. ಒಂದು ಕಡೆ ಅವರ ಬೆರಳು ನಿಂತೇಬಿಟ್ಟವು. "ಬಣ್ಣ ಅಲ್ಲಮ್ಮ. ಗರ್ಭಕೋಶದ ಪಕ್ಕದಾಗ ಗಡ್ಡಿ ಐತಿ, ಕ್ಯಾನ್ಸರ್ ಇರಬಹುದು. ಒಮ್ಮೊಮ್ಮೆ ಹೊಟ್ಟಿ ನೋಯೋಕಿಂತ ಮೊದಲ ರೆಪ್ಪಿ ಹಿಂಗ ಬಣ್ಣ ತಿರುಗ್ತಾವ, ತೋಳು ಸೋಲ್ತಾವ. ತಡ ಮಾಡದ ಮದರಾಸಿಗೆ ಕರಕೊಂಡು ಹೋಗ್ರಿ."

ಹಾಗೆನ್ನುತ್ತ ಅವರು ತಿರುಗಿದಾಗ ಉರುಕುಂದಮ್ಮನ ಸೆರಗು ಜಾರಿತ್ತು. "ಏನಮ್ಮ, ನಿನಗೂನಾ? ಬಾ ಇಲ್ಲಿ!"

ಉರುಕುಂದಮ್ಮ ಸೆರಗಿಗಾಗಿ ತಡಕಾಡಿದಳು. ಮಲಗಿದ್ದಲ್ಲಿಂದಲೇ ಜಂಬಮ್ಮ ಅವಳತ್ತ ಕೈ ಚಾಚಲು ಹೋದಳು. ಕೈ ಅರ್ಧಕ್ಕೇ ಸೋತು ಬಿತ್ತು. "ನಮ್ಮಪ್ಪ ಈರಣ್ಣ ದೇವ್ರೇ, ಅಕ್ಕಗ ಈ ಜಡ್ಡು ಬ್ಯಾಡೋ!"

ಡಾಕ್ಟರಮ್ಮ ಹೊಸ ಹತ್ತಿಯಿಂದ ಉರುಕುಂದಮ್ಮನ ರೆಪ್ಪೆ ಒರೆಸಿದರು. ಹತ್ತಿಯೆಲ್ಲ ನೇರಳೆಯಾಯಿತು. ಅದನ್ನು ಕಂಡು ಜಂಬಮ್ಮ ಅಳುವಿನ ನಡುವೆಯೇ ನಕ್ಕುಬಿಟ್ಟಳು.

"ಹೋತು ನೋಡಕ್ಕ, ನಿನ್ನದು ಹೋತು!"