ಬುಕ್ನರ್ ಫನೆಲಿನ ಚಕ್ಕಾ

ಕೈ ಮೊಸರಾದರೆ ಬಾಯಿ ಕೆಸರು. ಗಾದೆ ಹಾಗಿಲ್ಲವಲ್ಲ ಎನ್ನುವವರು ಅವತ್ತು ಬೀದರಿನ ಕಾಲೇಜೊಂದರ ಕೆಮಿಸ್ಟ್ರಿ ಲ್ಯಾಬಿನಲ್ಲಿ ವಿದ್ಯಾರ್ಥಿ ಆತೀಫನ ಮುಖ ನೋಡಬೇಕಿತ್ತು. ನಡೆದದ್ದನ್ನು ನಡೆದಂತೆಯೇ ಹೇಳುವುದು. ಇದಕ್ಕೆ ಹನಿ ನೀರೂ ಬೆರೆಸಿಲ್ಲ. ಬೆರೆಸಿದ್ದೆಲ್ಲ ಆತೀಫನೇ.

"ಸಿದ್ದೇಶ್ವರ, ಸ್ವಲ್ಪ ಈ ಕಡಿ ಬರ್ರಿ!" ವರಾಂಡದಿಂದ ಪ್ರಿನ್ಸಿಪಾಲ್ ಮನ್ಮಥಪ್ಪನವರ ಮೂಗಿನ ದನಿ ಕೇಳಿದ್ದೇ ತಡ, ಕೆಮಿಸ್ಟ್ರಿಯ ಸಿದ್ದೇಶ್ವರ ಸರ್ ಸೋಸಲೆಂದು ತರಿಸಿದ್ದ ಹೊಸ ಪಂಪು ಬಿಟ್ಟು ಓಡಿದರು. ದನಿ ಪ್ರಿನ್ಸಿಪಾಲರದು, ಗಂಟಲು ಆತೀಫನದು. ಆತ ಹಿಂದಿನ ಬಾಗಿಲಿನಿಂದ ನುಗ್ಗಿ, ಸೋಸಿ ತೋರಿಸಲು ಸರ್ ಕಲಸಿಟ್ಟಿದ್ದ ಸುಣ್ಣದಕಡ್ಡಿ ಪುಡಿಯ ನೀರನ್ನು ಚೆಲ್ಲಿದ. ಬೀಕರು ತೊಳೆದು, ಅಮ್ಮಾ ಅಕ್ತರಬೀ ತರಹೇಳಿದ್ದ ಮೊಸರಿಗೆ ನೀರು ಬೆರೆಸಿ ಸುರಿದಿಟ್ಟ. ಸರ್ ಮುಖ ಹ್ಯಾಂಗಾಗುತ್ತದೋ ನೋಡಬೇಕು, ಅಷ್ಟೇ ಆಸೆ.

ಸರ್ ಬಂದರು. ಹಿಂದೆಯೇ ಅಸಲಿ ಮನ್ಮಥಪ್ಪನವರು.

"ನಾ ಕರದೇ ಇಲ್ರಿ. ಇರ್ಲಿ, ಬಂದೀನಿ, ತೋರಸ್ರಿ. ಮನಿಯಾಗ ಚಹಾ ಸೋಸ್ತೀವಿ, ಅದಕ್ಕೇನ್ ಪಂಪ್ ಹಚ್ತೀವೇನು? ಮನಸಿಗೆ ಬರ್ಲಿಲ್ಲಂದ್ರ ನಾಳೆ ಡಬ್ಬಿ ಕಟ್ಟಿ ವಾಪಸ್."

ಪಂಪು ವಾಪಸ್ ಎಂದದ್ದೇ ಆತೀಫ ಬೆಂಚಿನ ಹಿಂದಿನಿಂದ ಮುಂದೆ ಬಂದ. ಹಳೆಯ ಗಾಜಿನ ಫನೆಲಿನಲ್ಲಿ ಹನಿ ಹನಿ ಸೋರುವುದನ್ನು ಕಾಯುತ್ತ ಅರ್ಧ ಪೀರಿಯಡ್ ಕಳೆದವನು ಅವನೂ ಹೌದು. ಈ ಪಂಪಿಗಾಗಿ ಸರ್ ಎಷ್ಟು ಬಾಗಿಲು ತಟ್ಟಿದ್ದಾರೆಂಬುದು ಇಡೀ ಕ್ಲಾಸಿಗೆ ಗೊತ್ತಿತ್ತು.

"ಸರ್, ಅದು ಬೀಕರಿನ್ಯಾಗ..."

"ಸುಮ್ಮ ನಿಂದರೋ!" ಎಂದರು ಸಿದ್ದೇಶ್ವರ ಸರ್. ಜರಡಿಯಂತೆ ತೂತುಗಳಿದ್ದ ಪಿಂಗಾಣಿಯ ಬುಕ್ನರ್ ಫನೆಲಿನೊಳಗೆ ದುಂಡನೆಯ ಕಾಗದ ಹಾಸಿ, ನೀರು ಚಿಮುಕಿಸಿ ಕೂರಿಸಿದರು. ಕೆಳಗೆ ದಪ್ಪ ಗಾಜಿನ ಫ್ಲಾಸ್ಕು, ಅದರ ಪಕ್ಕದ ಕೊಳವೆಯಿಂದ ಪಂಪಿಗೆ ರಬ್ಬರ್ ಪೈಪು. "ಪಂಪ್ ಫ್ಲಾಸ್ಕಿನ್ಯಾಗಿನ ಗಾಳಿ ಎಳೀತದ್ರಿ ಸರ್. ಹೊರಗಿನ ಗಾಳಿ ಮ್ಯಾಲಿಂದ ಒತ್ತತದ. ನೀರು ಕೆಳಗ, ಬಿಳೀದು ಮ್ಯಾಲ."

ಬೀಕರು ಬಗ್ಗಿಸಿ ಸ್ವಿಚ್ ಹಾಕಿದರು. ಪಂಪು ಗುಂಯ್‌ಗುಟ್ಟಿತು. ಏನೂ ಇಳಿಯಲಿಲ್ಲ. ಪ್ರಿನ್ಸಿಪಾಲರು ಗಡಿಯಾರ ನೋಡಿಕೊಂಡರು. ಆಮೇಲೆ ಒಂದು ಹನಿ, ಇನ್ನೊಂದು, ಕಡೆಗೆ ಸಣ್ಣ ಎಳೆ. ಬಣ್ಣ ಮಾತ್ರ ತಿಳಿಹಳದಿ. ಸರ್ ಬಗ್ಗಿ ಫ್ಲಾಸ್ಕು ನೋಡಿದರು. ಸುಣ್ಣದಕಡ್ಡಿಯಿಂದ ಹಳದಿ ಹೇಗೆ ಬಂತು?

ಮನ್ಮಥಪ್ಪನವರು ಫನೆಲಿಗೆ ಮೂಗು ಹಚ್ಚಿದರು. ಮೇಲಿನ ಬಿಳಿ ಮುದ್ದೆ ಗಟ್ಟಿಯಾಗಿ ಅಂಚು ಬಿಡುತ್ತಿತ್ತು. ಒಂದು ಬೆರಳು ಅದರೊಳಗೆ ಹೋಯಿತು, ಅಲ್ಲಿಂದ ಬಾಯಿಯ ಕಡೆಗೆ ಹೊರಟಿತು.

"ಸರ್! ಲ್ಯಾಬಿನ್ಯಾಗ ಏನೂ ನೆಕ್ಕಬಾರದ್ರಿ!" ಸಿದ್ದೇಶ್ವರ ಸರ್ ಪ್ರಿನ್ಸಿಪಾಲರ ಮುಂಗೈಯನ್ನೇ ಹಿಡಿದುಬಿಟ್ಟರು.

"ಅಲ್ರಿ, ಇದು ಚಕ್ಕಾ ಅದ! ಶ್ರೀಖಂಡಕ್ಕ ನಮ್ಮ ಮನಿಯಾಗ ರಾತ್ರಿ ಮೊಸರು ಬಟ್ಟಿಯಾಗ ಕಟ್ಟಿ ಗೂಟಕ್ಕ ಹಾಕಿದ್ರ ಮುಂಜಾನಿಗೆ ಹಿಂಗ ಆಗ್ತದ. ನೀವು ನಿಂತ ನಿಲವಿನ್ಯಾಗ ಮಾಡೀರಿ!"

"ನಾನ್ರಿ ಸರ್," ಆತೀಫ ಕೈ ಮುಗಿದ. "ಮೊಸರು ಹಾಕಿದವ ನಾನು, ನಿಮ್ಮ ದನಿ ತೆಗದು ಸರ್‌ಗ ಕರದವನೂ ನಾನೇ. ಮಾಫ್ ಮಾಡ್ರಿ. ಪಂಪ್ ವಾಪಸ್ ಕಳಸಬ್ಯಾಡ್ರಿ."

ಪ್ರಿನ್ಸಿಪಾಲರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಬೆರಳನ್ನು ನಿಧಾನವಾಗಿ ಕರ್ಚೀಪಿಗೆ ಒರೆಸಿಕೊಂಡರು.

"ವಾಪಸ್ ಯಾಕೋ? ಇಷ್ಟು ಒತ್ತಿ ಎಳೀತದಂದ್ರ ಇರ್ಲಿ. ಸಿದ್ದೇಶ್ವರ, ಇದನ್ನ ಮೊದಲೇ ಹೇಳಬಾರದೇನ್ರಿ?"

ಸಿದ್ದೇಶ್ವರ ಸರ್ ಸ್ಟೂಲಿನ ಮೇಲೆ ಕುಸಿದರು. "ಹೇಳೀನ್ರಿ ಸರ್... ಇಂಗ್ಲಿಷಿನ್ಯಾಗ ಹೇಳೀನಿ, ಚಿತ್ರ ತಗದು ಹೇಳೀನಿ..." ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಹೊಸ ಪಂಪು ಇನ್ನೂ ಓಡುತ್ತಿತ್ತು. ನಗುವಿನಲ್ಲಿ ಅದರ ಸದ್ದು ಯಾರಿಗೂ ಕೇಳಿಸಲಿಲ್ಲ.